ಬಾಕಿ

ನಾನು ಕೌಂಟರಿನ ಈಚೆಯವನು.
ಇಲ್ಲ ಎನ್ನುವುದಕ್ಕೆ ನನಗೆ ಸಂಬಳ, ಗಂಟೆಗೆ ಇಪ್ಪತ್ತೊಂದು ಡಾಲರು.
ಹೌದು ಎನ್ನುವವರು ಎಲ್ಲೋ ಇದ್ದಾರೆ,
ನಾನು ಕಂಡಿಲ್ಲ. ಅವರ ಮಿಂಚಂಚೆಯ ಕೊನೆಯಲ್ಲಿ
ಹೆಸರಿರುವುದಿಲ್ಲ, ಬರೀ ಕೇಸ್ ನಂಬರು.

ಮಾರ್ಚಿಯ ಮೊದಲ ವಾರ. ಫೋರ್ಟ್ ಕೆಂಟಿನಲ್ಲಿ
ನದಿ ಇನ್ನೂ ಕಲ್ಲು; ಅದರ ಮೇಲೆ ನರಿಗಳು
ಪಾಸ್‌ಪೋರ್ಟಿಲ್ಲದೆ ಕೆನಡಾಕ್ಕೆ ನಡೆದುಹೋಗುತ್ತವೆ.
ಎಳೆದು ತರುವ ಲಾರಿಯ ಕೊಕ್ಕೆಗೆ ಮೂತಿ ಕೊಟ್ಟು
ಒಡೀಲ್ ಟೆರಿಯೊಳ ಕಾರು ಬಂತು.
ಲಾರಿಯವನ ಪಕ್ಕದಿಂದ ಅವಳಿಳಿದಳು,
ಕತ್ತರಿಗಳ ಚೀಲ ಹೆಗಲಿಗೆ.

ಹೊರಗೆ ಬರಲಾಗದವರ ಮನೆಗೇ ಹೋಗಿ
ಕೂದಲು ಕತ್ತರಿಸುತ್ತಾಳೆ ಅವಳು,
ಹಿಮದ ಗೋಡೆಗಳ ನಡುವೆ ವಾರಕ್ಕೆ ಮುನ್ನೂರು ಮೈಲಿ.
ಸತ್ತವರಿಗೂ ಒಮ್ಮೊಮ್ಮೆ, ಪೆಟ್ಟಿಗೆ ಮುಚ್ಚುವ ಮುನ್ನ.

ಎಂಜಿನ್ನು ನಿಂತದ್ದು ತೊಂಬತ್ತೆಂಟು ಸಾವಿರದ ಮುನ್ನೂರ ಹನ್ನೊಂದರಲ್ಲಿ.
ವಿಸ್ತರಿಸಿದ ವಾರಂಟಿ ಲಕ್ಷದವರೆಗೆ.
ಎರಡು ಸಾವಿರದ ನಾನೂರು ಡಾಲರು ತೆತ್ತು ಕೊಂಡದ್ದು,
ಇದೇ ಕೌಂಟರಿನಲ್ಲಿ, ನನಗಿಂತ ಮೊದಲಿದ್ದವನ ಕೈಯಿಂದ.
ನಾನು ಕಳಿಸಿದೆ. ಅವರು ಕೇಳಿದರು:
ಎಣ್ಣೆ ಬದಲಿಸಿದ್ದಕ್ಕೆ ರುಜುವಾತು?

"ನಾನೇ ಬದಲಿಸಿದ್ದು," ಎಂದಳು. "ಕಾರಿನ ಕೆಳಗೆ ಮಲಗಿ."
ರುಜುವಾತು, ಎಂದೆ ನಾನು. ನನ್ನ ದನಿ
ಅವರ ದನಿಯಂತೆಯೇ ಕೇಳಿಸಿತು.

ಮರುದಿನ ಬಿಸ್ಕತ್ತಿನ ಡಬ್ಬಿ ತಂದಳು.
ಎಣ್ಣೆಯದು, ಫಿಲ್ಟರಿನದು, ಹತ್ತೊಂಬತ್ತು ರಸೀದಿ,
ತಾರೀಖಿನ ಸಾಲಿನಲ್ಲಿ, ಕೂದಲಿನ ಪಿನ್ನು ಚುಚ್ಚಿ.
ಬಿಡಿಸಿದೆ. ಬಿಳಿ.
ಇನ್ನೊಂದು. ಬಿಳಿ.
ಮೊದಲ ನಾಲ್ಕು ವರ್ಷದ್ದೆಲ್ಲ ಹಾಲಿನಂತೆ ಬಿಳಿ.

ಏಳು ವರ್ಷದ ಮಾತಿಗೆ
ಮೂರು ವರ್ಷದ ಶಾಯಿ.
ಯಾರೂ ಸುಳ್ಳು ಹೇಳಿಲ್ಲ, ನೋಡಿ;
ಕಾಗದ ಸುಮ್ಮನೆ ಮರೆತಿದೆ.

ಖಾಲಿ ಚೀಟಿಯನ್ನು ಕಳಿಸಲಾಗದು, ಎಂದೆ.
ಅವಳು ವಾದಿಸಲಿಲ್ಲ. ಕಣ್ಣು ಗೋಡೆಯ ಬುಡ ತಡಕಿತು.
"ಪ್ಲಗ್ ಎಲ್ಲಿದೆ?"

ಕಾಫಿ ಯಂತ್ರದ ತಂತಿ ಕಿತ್ತು
ತನ್ನ ಕೂದಲೊಣಗಿಸುವ ಯಂತ್ರ ಸಿಕ್ಕಿಸಿದಳು.
ಭರ್ರೆಂದಿತು. ಟೈರಿಗಾಗಿ ಕಾದಿದ್ದ ಮುದುಕ ತಲೆಯೆತ್ತಿದ.
ಬೆರಳ ತುದಿಯಲ್ಲಿ ಚೀಟಿ ಹಿಡಿದು, ಹತ್ತಿರ, ದೂರ,
ಎಳೆಗೂದಲಿನ ಮಗುವಿಗೆ ಹಿಡಿಯುವಂತೆ.
ಮೊದಲು ಅಂಚು ಕಂದಿತು, ಆಮೇಲೆ ನಡು,
ಆಮೇಲೆ ಇಡೀ ಕಾಗದ ಸ್ಲೇಟಿನಂತೆ ಕಪ್ಪಾಯಿತು;
ಆ ಕಪ್ಪಿನೊಳಗಿಂದ, ಬಳಪದಲ್ಲಿ ಬರೆದ ಹಾಗೆ,
ತೆಳ್ಳಗೆ, ಬಿಳಿಯಾಗಿ:
ಎಣ್ಣೆ ಐದು ಕ್ವಾರ್ಟು. ಫಿಲ್ಟರ್ ಒಂದು.
ಅಕ್ಟೋಬರ್ ಒಂಬತ್ತು. ಬೆಳಿಗ್ಗೆ ಏಳೂ ನಲವತ್ತು.

ಮುದುಕ ಎದ್ದು ಬಂದ. ನಾನು ಫೋಟೊ ತೆಗೆದೆ.
ಹತ್ತೊಂಬತ್ತರಲ್ಲಿ ಒಂದು ಸುಟ್ಟಿತು.
ಬೆಚ್ಚಗಾದ ಕಾಗದದ ವಾಸನೆ
ಸಂಜೆಯವರೆಗೆ ಕೌಂಟರಿನಲ್ಲೇ ಇತ್ತು.

ಇಪ್ಪತ್ತಾರು ದಿನ. ನಾಲ್ಕು ಸಲ ನಿರಾಕರಣೆ.
ಐದನೆಯ ಸಲ, ಬರೆಯಬಾರದ್ದನ್ನು ನಾನು ಬರೆದೆ:
ಗ್ರಾಹಕಿ ವಕೀಲರೊಡನೆ ಮಾತಾಡುತ್ತಿದ್ದಾರೆ.
ಸುಳ್ಳಲ್ಲ. ಟೈರಿನ ಮುದುಕ ನಿವೃತ್ತ ವಕೀಲ,
ಅವನ ಕ್ರಾಪನ್ನು ಅವಳೇ ಕತ್ತರಿಸುತ್ತಿದ್ದಳು ಆಗ.

ಹೊಸ ಎಂಜಿನ್ನು ಬಂತು, ಜತೆಗೊಂದು ಪತ್ರ:
ಕಂಪನಿಯ ಹೊಣೆಯಲ್ಲದಿದ್ದರೂ
ಕೇವಲ ಸದ್ಭಾವನೆಯ ಕುರುಹಾಗಿ.
ಸಹಿ ಇಲ್ಲಿ.

ಒಡೀಲ್ ಎರಡು ಸಲ ಓದಿದಳು.
"ನಾನು ಭಿಕ್ಷೆ ಕೇಳಿರಲಿಲ್ಲವಲ್ಲ, ಎಲ್ಡನ್?"
ನನ್ನ ಜೇಬಿನ ಪೆನ್ನು ತೆಗೆದುಕೊಂಡು
ಸದ್ಭಾವನೆಯನ್ನು ಒಂದೇ ಗೆರೆಯಲ್ಲಿ ಹೊಡೆದಳು,
ಮೇಲೆ ಬರೆದಳು: ಬಾಕಿ.
ಆಮೇಲೆ ಸಹಿ.

ಹಾಗೆಯೇ ಸ್ಕ್ಯಾನ್ ಮಾಡಿ ಕಳಿಸಿದೆ.
ಯಾರೂ ಏನೂ ಅನ್ನಲಿಲ್ಲ.
ಅಲ್ಲಿ ಯಾರೂ ಓದುವುದಿಲ್ಲವೇನೋ.

ಕೀಲಿ ಕೊಡುವಾಗ ನನ್ನ ಕಿವಿಯ ಪಕ್ಕ ದಿಟ್ಟಿಸಿದಳು.
"ಕಾಡು ಬೆಳೆದಿದೆ. ಗುರುವಾರ ಬರುತ್ತೇನೆ."
ಬಂದಳು. ಹದಿನೆಂಟು ಡಾಲರು.
ಕೇಳದೆಯೇ ರಸೀದಿ ಕೊಟ್ಟಳು,
ಪೆನ್ಸಿಲ್ಲಿನಲ್ಲಿ, ಒತ್ತಿ ಬರೆದು.